ಸುದ್ದಿಯಂತ್ರ: ಬಳಸುವವರಿಗೆ ಕೈಪಿಡಿ

ಮಾದರಿ: ಐದು ಬಿಂದು, ಎಂಟು ಬಾಣ. ವಿದ್ಯುತ್ ಬೇಕಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಲು ಸಾಧ್ಯವಿಲ್ಲ.

ಮೊದಲು ಓದಿ

ಈ ಯಂತ್ರವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದ ಎಂದು ಶುರುಮಾಡುವುದು ಕೈಪಿಡಿಗಳ ವಾಡಿಕೆ. ಆದರೆ ಇದನ್ನು ನೀವು ಆರಿಸಿಕೊಂಡಿಲ್ಲ. ನೀವು ಬಾಡಿಗೆಗೆ ಬಂದ ಬೀದಿಯಲ್ಲಿ ಇದು ಮೊದಲೇ ಇತ್ತು. ನಿಮ್ಮ ಸಾಮಾನು ಲಾರಿಯಿಂದ ಇಳಿದು ಮುಗಿಯುವಷ್ಟರಲ್ಲಿ, ಮನೆಯಲ್ಲಿ ಎಷ್ಟು ಜನ, ಅತ್ತೆ ಜೊತೆಗಿದ್ದಾರೋ ಇಲ್ಲವೋ, ಫ್ರಿಜ್ಜು ಒಂದು ಬಾಗಿಲಿನದೋ ಎರಡು ಬಾಗಿಲಿನದೋ ಎಂಬುದೆಲ್ಲ ಬೀದಿಯ ಆ ತುದಿಗೆ ಮುಟ್ಟಿತ್ತು. ಹಾಗೆ ಮುಟ್ಟಿಸಿದ ಯಂತ್ರದ ಒಳಗನ್ನು ಇಲ್ಲಿ ವಿವರಿಸಲಾಗಿದೆ.

ಕಾಲೇಜಿನಲ್ಲಿ ಇದಕ್ಕೆ ಡೈರೆಕ್ಟೆಡ್ ಗ್ರಾಫ್ ಎನ್ನುತ್ತಾರೆ. ಇದರ ಲೆಕ್ಕವನ್ನು ಬರೆದಿಡುವ ಚೌಕಕ್ಕೆ ಅಡ್ಜಸೆನ್ಸಿ ಮ್ಯಾಟ್ರಿಕ್ಸ್. ಹೆಸರುಗಳು ಉದ್ದವಾದದ್ದರಿಂದ ಇಲ್ಲಿ ಗ್ರಾಫ್, ಮಾತೃಕೆ ಎಂದಷ್ಟೇ ಕರೆಯುತ್ತೇವೆ. ಕೂಡುವುದು, ಗುಣಿಸುವುದು ಬಂದರೆ ಸಾಕು. ಭಾಗಾಕಾರ ಬರುವುದಿಲ್ಲವೆಂದು ಶಾಲೆಯಲ್ಲಿ ಬೈಸಿಕೊಂಡವರೂ ಧೈರ್ಯವಾಗಿ ಮುಂದುವರಿಯಬಹುದು.

ಪೆಟ್ಟಿಗೆಯಲ್ಲಿ ಏನೇನಿದೆ

ಐದು ಬಿಂದುಗಳು. ಒಂದನೆಯದು ಹಾಲಿನಕ್ಕ, ಎರಡನೆಯದು ಟೈಲರಮ್ಮ, ಮೂರನೆಯದು ಅಂಗಡಿಯಣ್ಣ, ನಾಲ್ಕನೆಯದು ನಿವೃತ್ತ ಮೇಷ್ಟ್ರು, ಐದನೆಯದು ಜಗಲಿ ಅಜ್ಜಿ. ಈ ಬೀದಿಯನ್ನು ಕೈಪಿಡಿಗಾಗಿಯೇ ಕಟ್ಟಲಾಗಿದೆ. ನಿಮ್ಮ ಬೀದಿಯವರು ಯಾರಾದರೂ ಇದರಲ್ಲಿ ಕಂಡುಬಂದರೆ ತಯಾರಕರು ಹೊಣೆಯಲ್ಲ.

ಎಂಟು ಬಾಣಗಳು. ಹಾಲಿನಕ್ಕ ಹಾಲು ಹಾಕುತ್ತ ಟೈಲರಮ್ಮನಿಗೂ ಅಂಗಡಿಯಣ್ಣನಿಗೂ ಸುದ್ದಿ ಹೇಳುತ್ತಾರೆ. ಟೈಲರಮ್ಮ ದಾರದುಂಡೆ, ಗುಂಡಿ ತರಲು ಹೋದಾಗ ಅಂಗಡಿಯಣ್ಣನಿಗೆ ಹೇಳುತ್ತಾರೆ, ರವಿಕೆ ಕೊಡಲು ಹೋದಾಗ ಅಜ್ಜಿಗೆ ಹೇಳುತ್ತಾರೆ. ಅಂಗಡಿಯಣ್ಣ ಪುಕ್ಕಟೆ ಪೇಪರ್ ಓದಲು ಬರುವ ಮೇಷ್ಟ್ರಿಗೆ ಹೇಳುತ್ತಾನೆ, ಎಲೆ ಅಡಿಕೆ ಮುಟ್ಟಿಸುವಾಗ ಅಜ್ಜಿಗೆ ಹೇಳುತ್ತಾನೆ. ಮೇಷ್ಟ್ರ ಮನೆಯ ಮಹಡಿಯಲ್ಲೇ ಟೈಲರಮ್ಮನ ಬಾಡಿಗೆ. ಹಾಗಾಗಿ ಮೇಷ್ಟ್ರು ಅವರಿಗೆ ಹೇಳುತ್ತಾರೆ. ಸಂಜೆ ವಾಕಿಂಗ್ ಮುಗಿಸಿ ಜಗಲಿಯ ಮೇಲೆ ಕೂತು ಅಜ್ಜಿಗೂ ಹೇಳುತ್ತಾರೆ. ಅಜ್ಜಿ ಯಾರಿಗೂ ಏನೂ ಹೇಳುವುದಿಲ್ಲ. ‘ಹೂಂ’ ಎನ್ನುತ್ತಾರೆ. ‘ಹೂಂ’ ಅನ್ನು ಈ ಮಾದರಿಯಲ್ಲಿ ಬಾಣವೆಂದು ಎಣಿಸಿಲ್ಲ.

ಹಾಲಿನಕ್ಕನ ಕಡೆಗೆ ಒಂದು ಬಾಣವೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಇದು ತಯಾರಿಕೆಯ ದೋಷವಲ್ಲ. ಅವರಿಗೆ ಯಾರೂ ಏನೂ ಹೇಳಬೇಕಾಗಿಯೇ ಇಲ್ಲ. ಅರ್ಧ ಲೀಟರ್ ಜಾಸ್ತಿ ಕೇಳಿದರೆ ನೆಂಟರು ಬಂದಿದ್ದಾರೆ. ನಾಲ್ಕು ದಿನ ಬೇಡವೆಂದರೆ ಊರಿಗೆ ಹೋಗುತ್ತಿದ್ದಾರೆ. ಒಂದೂವರೆ ಲೀಟರ್ ಕೊಳ್ಳುತ್ತಿದ್ದ ಮನೆ ಒಂದಕ್ಕೆ ಇಳಿದು, ಅದೇ ತಿಂಗಳು ಹಿಂದಿನ ಬೀದಿಯಲ್ಲಿ ಅರ್ಧ ಲೀಟರಿನ ಹೊಸ ವರ್ತನೆ ಶುರುವಾದರೆ ಮಗ ಬೇರೆ ಮನೆ ಮಾಡಿದ್ದಾನೆ. ಸುದ್ದಿ ಬಾಯಿಂದ ಬರಬೇಕೆಂಬ ನಿಯಮವಿಲ್ಲ. ಬಾಯಿಂದ ಹೋದದ್ದನ್ನು ಮಾತ್ರ ಬಾಣ ತೋರಿಸುತ್ತದೆ.

ಬಾಣಕ್ಕಿರುವ ಅರ್ಥ ಒಂದೇ: ಬಾಲದ ಕಡೆಯವರು ಮೊನೆಯ ಕಡೆಯವರಿಗೆ ಹೇಳುತ್ತಾರೆ. ಮೊನೆಯ ಕಡೆಯವರು ತಿರುಗಿ ಹೇಳುತ್ತಾರೆಂಬ ಭರವಸೆ ಅದರಲ್ಲಿಲ್ಲ. ಇಷ್ಟು ಸರಳ ಸಂಗತಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರೂ ಬಳಕೆದಾರರು ಮರೆಯುತ್ತಾರೆ. ಟೈಲರಮ್ಮ ಅಂಗಡಿಯಣ್ಣನಿಗೆ ಹೇಳುತ್ತಾರೆ ಎಂದು ತಿಳಿದ ಕೂಡಲೇ ‘ಅವರಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ’ ಎಂದು ಮನಸ್ಸಿನಲ್ಲೇ ಬಾಣದ ಮೊನೆ ಅಳಿಸಿ ಗೆರೆ ಮಾಡಿಬಿಡುತ್ತಾರೆ. ಅಂಗಡಿಯಣ್ಣ ಟೈಲರಮ್ಮನಿಗೆ ಚಿಲ್ಲರೆ ಬಿಟ್ಟು ಬೇರೇನೂ ಕೊಟ್ಟವನಲ್ಲ.

ಜೋಡಿಸುವ ವಿಧಾನ

ಲೆಕ್ಕದ ಪುಸ್ತಕದ ಚೌಕದ ಹಾಳೆ ತೆಗೆದುಕೊಳ್ಳಿ. ಐದು ಅಡ್ಡಸಾಲು, ಐದು ಕಂಬಸಾಲು. ಅಡ್ಡಸಾಲು ಹೇಳುವವರದು, ಕಂಬಸಾಲು ಕೇಳುವವರದು. ಬಾಣವಿದ್ದಲ್ಲಿ 1, ಇಲ್ಲದಲ್ಲಿ 0. ಬೀದಿ ಹೀಗೆ ಕಾಣುತ್ತದೆ:

ಹಾಲಿನಕ್ಕ: 0 1 1 0 0
ಟೈಲರಮ್ಮ: 0 0 1 0 1
ಅಂಗಡಿಯಣ್ಣ: 0 0 0 1 1
ಮೇಷ್ಟ್ರು: 0 1 0 0 1
ಅಜ್ಜಿ: 0 0 0 0 0

ಇಪ್ಪತ್ತೈದು ಮನೆ, ಎಂಟರಲ್ಲಿ ಒಂದು, ಉಳಿದದ್ದರಲ್ಲಿ ಸೊನ್ನೆ. ಸೊನ್ನೆ ಎಂದರೆ ಜಗಳವಲ್ಲ, ಮಾತು ಬಿಟ್ಟಿದ್ದಾರೆಂದೂ ಅಲ್ಲ. ನೇರವಾಗಿ ಹೇಳುವುದಿಲ್ಲ, ಅಷ್ಟೆ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಇಳಿಯುವ ಕರ್ಣದ ಮನೆಗಳು ತಮಗೆ ತಾವೇ ಹೇಳಿಕೊಳ್ಳುವವರಿಗೆ ಮೀಸಲು. ಈ ಬೀದಿಯಲ್ಲಿ ಅಂಥವರಿಲ್ಲವಾದ್ದರಿಂದ ಅಲ್ಲೆಲ್ಲ ಸೊನ್ನೆ. ನಿಮ್ಮ ಬೀದಿಯಲ್ಲಿ ಇದ್ದರೆ 1 ಹಾಕಿ, ಕಾರಣ ಕೇಳಬೇಡಿ.

ಸಾಲುಗಳ ಕ್ರಮ ನಿಮ್ಮಿಷ್ಟ. ವಯಸ್ಸಿನ ಪ್ರಕಾರ ಅಜ್ಜಿಯನ್ನು ಮೊದಲು ಬರೆಯಬಹುದು, ವಿದ್ಯೆಯ ಪ್ರಕಾರ ಮೇಷ್ಟ್ರನ್ನು. ಐವರನ್ನು 120 ಬಗೆಯಲ್ಲಿ ಸಾಲು ನಿಲ್ಲಿಸಬಹುದು. ಈ ಬೀದಿಗೆ 120 ಬಗೆಗೂ ಬೇರೆ ಬೇರೆ ಮಾತೃಕೆಯೇ ಸಿಗುತ್ತದೆ, ಬೀದಿ ಮಾತ್ರ ಒಂದೇ. ಹಾಗಾಗಿ ನಿಮ್ಮ ಮಾತೃಕೆಯೂ ಪಕ್ಕದವರ ಮಾತೃಕೆಯೂ ಹೊಂದದಿದ್ದರೆ ಅವರು ಸುಳ್ಳು ಹೇಳುತ್ತಿದ್ದಾರೆಂದು ತೀರ್ಮಾನಿಸುವ ಮೊದಲು ಸಾಲಿನ ಕ್ರಮ ನೋಡಿ. ಒಂದು ಕಟ್ಟಳೆ ಮಾತ್ರ ಮೀರುವಂತಿಲ್ಲ: ಅಡ್ಡಸಾಲಿಗೆ ಯಾವ ಕ್ರಮವೋ ಕಂಬಸಾಲಿಗೂ ಅದೇ.

ಜೋಡಣೆಯಲ್ಲಿ ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಅಡ್ಡಸಾಲು ಹೇಳುವವರದು ಎಂಬುದು ನಮ್ಮ ಪದ್ಧತಿ, ಲೋಕದ ನಿಯಮವಲ್ಲ. ಮಾರ್ಕ್ ನ್ಯೂಮನ್ ಅವರ ‘ನೆಟ್‌ವರ್ಕ್ಸ್’ ಎಂಬ ಹೆಸರಾಂತ ಪಠ್ಯಪುಸ್ತಕದಲ್ಲಿ ಇದು ತಿರುಗುಮುರುಗು: ಅಲ್ಲಿ ಬಾಣ ಕಂಬಸಾಲಿನಿಂದ ಹೊರಟು ಅಡ್ಡಸಾಲಿಗೆ ಬರುತ್ತದೆ. ಎರಡೂ ಸರಿ. ಆದರೆ ಒಂದು ಪುಸ್ತಕದ ಮಾತೃಕೆಗೆ ಇನ್ನೊಂದು ಪುಸ್ತಕದ ಸೂತ್ರ ಹಚ್ಚಿದರೆ ಎಂಟೂ ಬಾಣಗಳು ಒಮ್ಮೆಲೇ ಹಿಂದುಮುಂದಾಗಿ, ತುಟಿ ಬಿಚ್ಚದ ಅಜ್ಜಿ ಬೀದಿಗೆಲ್ಲ ಸುದ್ದಿ ಹಂಚುವವರಾಗಿಬಿಡುತ್ತಾರೆ. ಯಂತ್ರ ಆಗ ಹೊಗೆಯಾಡುವುದಿಲ್ಲ, ಕೆಂಪು ದೀಪವೂ ಹತ್ತುವುದಿಲ್ಲ. ತಪ್ಪು ಉತ್ತರವನ್ನು ಸರಿ ಉತ್ತರದಷ್ಟೇ ಗಂಭೀರವಾಗಿ ಕೊಡುತ್ತದೆ.

ಫೋನಿನಲ್ಲಿ ಇದೇ ಗೊಂದಲ ದಿನವೂ ನಡೆಯುತ್ತದೆ. ಇನ್‌ಸ್ಟಾಗ್ರಾಂನಲ್ಲಿ ನೀವು ಒಬ್ಬ ನಟನನ್ನು ಫಾಲೋ ಮಾಡಿದರೆ ಬಾಣ ನಿಮ್ಮಿಂದ ನಟನ ಕಡೆಗೆ. ಚಿತ್ರ, ವಿಡಿಯೊ ಹರಿಯುವುದು ನಟನಿಂದ ನಿಮ್ಮ ಕಡೆಗೆ. ಒಂದೇ ಜೋಡಿ, ಎರಡು ಎದುರುಬದುರು ಬಾಣಗಳು. ಒಂದರ ಮಾತೃಕೆಯನ್ನು ಕರ್ಣದ ಮೇಲೆ ಮಗುಚಿದರೆ ಇನ್ನೊಂದರದು. ಫೇಸ್‌ಬುಕ್ಕಿನ ‘ಫ್ರೆಂಡ್’ನಲ್ಲಿ ಈ ತೊಂದರೆ ಇಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಗೆರೆ ಮೂಡುವುದರಿಂದ ಆ ಮಾತೃಕೆ ಮಗುಚಿದರೂ ಹಾಗೇ ಇರುತ್ತದೆ. ವಾಟ್ಸ್ಆ್ಯಪ್ ಗುಂಪಿನ ಐವರಲ್ಲಿ ಎಲ್ಲರಿಂದ ಎಲ್ಲರಿಗೂ ಬಾಣ, ಒಟ್ಟು 20. ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂದು ಬದಲಿಸಿದ ಕ್ಷಣ ಹದಿನಾರು ಬಾಣಗಳು ಮಾಯವಾಗಿ ಒಂದೇ ಅಡ್ಡಸಾಲಿನಲ್ಲಿ ನಾಲ್ಕು ಒಂದುಗಳು ಉಳಿಯುತ್ತವೆ. ಬಹುಪಾಲು ಗುಂಪುಗಳಿಗೆ ನಾವು ಇದನ್ನೇ ಶಿಫಾರಸು ಮಾಡುತ್ತೇವೆ.

ಸಾಮಾನ್ಯ ಬಳಕೆ

ಅಡ್ಡಸಾಲನ್ನು ಕೂಡಿದರೆ ಒಬ್ಬರು ಎಷ್ಟು ಜನಕ್ಕೆ ಹೇಳುತ್ತಾರೆಂದು ತಿಳಿಯುತ್ತದೆ: 2, 2, 2, 2, 0. ಕಂಬಸಾಲನ್ನು ಕೂಡಿದರೆ ಎಷ್ಟು ಜನರಿಂದ ಕೇಳುತ್ತಾರೆಂದು: 0, 2, 2, 1, 3. ಎರಡರ ಮೊತ್ತವೂ ಎಂಟೇ ಬರಬೇಕು, ಏಕೆಂದರೆ ಪ್ರತಿ ಬಾಣಕ್ಕೂ ಒಂದೇ ಬಾಲ, ಒಂದೇ ಮೊನೆ. ಬರದಿದ್ದರೆ ಕೂಡುವುದರಲ್ಲಿ ತಪ್ಪಾಗಿದೆ.

ಕಂಬಸಾಲಿನಲ್ಲಿ ಅಜ್ಜಿಯೇ ಮುಂದು. ಇಲ್ಲಿಗೆ ನಿಲ್ಲಿಸುವ ಬಳಕೆದಾರರು ಹಾರ ತುರಾಯಿ ಹಿಡಿದು ಜಗಲಿಗೆ ಹೋಗುತ್ತಾರೆ. ಊರಿಗೆ ಏನಾದರೂ ತಿಳಿಸಬೇಕಿದ್ದರೆ ಅಜ್ಜಿಯ ಕಿವಿಗೆ ಹಾಕುತ್ತಾರೆ. ಹಾಕಿದ್ದು ಅಲ್ಲೇ ಉಳಿಯುತ್ತದೆ. ಇನ್ನು ಅಡ್ಡಸಾಲು ನೋಡಿದರೆ ನಾಲ್ವರಿಗೂ ಸಮ ಅಂಕ. ಹಾಲಿನಕ್ಕನೂ ಎರಡು, ಮೇಷ್ಟ್ರೂ ಎರಡು. ಮೇಷ್ಟ್ರಿಗೆ ಇದರಿಂದ ಬೇಸರವಾಗಬಹುದು. ಹಾಲಿನಕ್ಕನಿಗೆ ಆದ ಅನ್ಯಾಯ ಅದಕ್ಕಿಂತ ದೊಡ್ಡದು ಎಂಬುದು ಮುಂದಿನ ಗುಂಡಿ ಒತ್ತಿದ ಮೇಲೆ ಗೊತ್ತಾಗುತ್ತದೆ.

ಗುಣಾಕಾರದ ಗುಂಡಿ

ಮಾತೃಕೆಯನ್ನು ಅದರಿಂದಲೇ ಗುಣಿಸಿ. ಪಿಯುಸಿಯಲ್ಲಿ ಇದನ್ನು ಮಾಡಿಸುವಾಗ ಅಡ್ಡಸಾಲು ಹಿಡಿದು ಕಂಬಸಾಲಿನ ಮೇಲೆ ಇಳಿಸಿ, ಜೊತೆ ಜೊತೆಗೆ ಗುಣಿಸಿ ಕೂಡಿ ಎನ್ನುತ್ತಾರೆ. ಏಕೆ ಹೀಗೆ ಗುಣಿಸಬೇಕೆಂದು ಹೇಳುವಷ್ಟು ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ಕಾರಣ ಈ ಬೀದಿಯಲ್ಲಿದೆ. ಹಾಲಿನಕ್ಕನ ಸುದ್ದಿ ಅಜ್ಜಿಗೆ ಎರಡೇ ಹೆಜ್ಜೆಯಲ್ಲಿ ಮುಟ್ಟಬೇಕೆಂದರೆ ನಡುವೆ ಒಬ್ಬರು ಬೇಕು. ಆ ಒಬ್ಬರು ಯಾರಾಗಬಹುದು ಎಂದು ಐವರನ್ನೂ ಒಬ್ಬೊಬ್ಬರಾಗಿ ವಿಚಾರಿಸಿ: ಹಾಲಿನಕ್ಕ ನಿಮಗೆ ಹೇಳುತ್ತಾರಾ? ನೀವು ಅಜ್ಜಿಗೆ ಹೇಳುತ್ತೀರಾ? ಎರಡಕ್ಕೂ ಹೌದಾದರೆ ಒಂದು ಗುಣಿಸು ಒಂದು, ಒಂದು. ಎರಡರಲ್ಲಿ ಯಾವುದೊಂದು ಇಲ್ಲವಾದರೂ ಸೊನ್ನೆ. ಟೈಲರಮ್ಮ ಹೌದು, ಅಂಗಡಿಯಣ್ಣ ಹೌದು, ಉಳಿದವರು ಇಲ್ಲ. ಕೂಡಿದರೆ 2. ಮಾತೃಕೆಯ ಗುಣಾಕಾರ ಎಂದರೆ ಈ ವಿಚಾರಣೆಯೇ, ಎಲ್ಲ ಜೋಡಿಗಳಿಗೂ ಒಟ್ಟಿಗೆ ಮುಗಿಸಿದ್ದು:

ಹಾಲಿನಕ್ಕ: 0 0 1 1 2
ಟೈಲರಮ್ಮ: 0 0 0 1 1
ಅಂಗಡಿಯಣ್ಣ: 0 1 0 0 1
ಮೇಷ್ಟ್ರು: 0 0 1 0 1
ಅಜ್ಜಿ: 0 0 0 0 0

ಹಾಲಿನಕ್ಕನ ಸಾಲಿನ ಕೊನೆಯಲ್ಲಿರುವ 2 ನೋಡಿ. ಅವರು ಅಜ್ಜಿಯ ಜೊತೆ ಮಾತಾಡುವುದೇ ಇಲ್ಲ. ಅಜ್ಜಿಯ ಮನೆಯಲ್ಲೇ ಹಸುವಿದೆ. ಆದರೂ ಅವರ ಸುದ್ದಿ ಎರಡು ದಾರಿಯಲ್ಲಿ ಜಗಲಿ ಹತ್ತುತ್ತದೆ. ಸಾಲುಗಳ ಮೊತ್ತ ಈಗ 4, 2, 2, 2, 0. ಮೊದಲ ಸುತ್ತಿನಲ್ಲಿ ಸಮ ಅಂಕ ಪಡೆದ ನಾಲ್ವರಲ್ಲಿ ಒಬ್ಬರು ಎದ್ದು ನಿಂತರು. ಟೈಲರಮ್ಮ, ಅಂಗಡಿಯಣ್ಣ, ಮೇಷ್ಟ್ರು ಮೂವರೂ ತಮ್ಮ ಎರಡು ಬಾಣಗಳಲ್ಲಿ ಒಂದನ್ನು ಅಜ್ಜಿಯ ಮೇಲೆ ಖರ್ಚು ಮಾಡುತ್ತಾರೆ, ಹಾಲಿನಕ್ಕ ಎರಡನ್ನೂ ಮುಂದಕ್ಕೆ ಹೇಳುವವರಿಗೇ ಕೊಡುತ್ತಾರೆ. ಎಷ್ಟು ಜನಕ್ಕೆ ಹೇಳುತ್ತೀರಿ ಎಂಬ ಪ್ರಶ್ನೆಗಿಂತ ಹೇಳುವ ಎಷ್ಟು ಜನಕ್ಕೆ ಹೇಳುತ್ತೀರಿ ಎಂಬುದು ಬೇರೆಯೇ ಪ್ರಶ್ನೆ. ಅಂದಹಾಗೆ, ‘ಅಡ್ಮಿನ್ ಮಾತ್ರ’ ಗುಂಪಿನ ಮಾತೃಕೆಯನ್ನು ಹೀಗೆ ಗುಣಿಸಿದರೆ ಇಪ್ಪತ್ತೈದೂ ಮನೆ ಸೊನ್ನೆ. ಗುಂಪಿನೊಳಗೆ ಎರಡನೆಯ ಹೆಜ್ಜೆ ಇಡುವವರೇ ಇಲ್ಲ.

ಗುಂಡಿಯನ್ನು ಇನ್ನೊಮ್ಮೆ ಒತ್ತಿ, ಮೂರು ಹೆಜ್ಜೆಯ ಲೆಕ್ಕ:

ಹಾಲಿನಕ್ಕ: 0 1 0 1 2
ಟೈಲರಮ್ಮ: 0 1 0 0 1
ಅಂಗಡಿಯಣ್ಣ: 0 0 1 0 1
ಮೇಷ್ಟ್ರು: 0 0 0 1 1
ಅಜ್ಜಿ: 0 0 0 0 0

ಇಲ್ಲಿಯವರೆಗೆ ಖಾಲಿ ಇದ್ದ ಕರ್ಣದಲ್ಲಿ ಮೂರು ಒಂದುಗಳು ಮೂಡಿವೆ. ಇವು ಮೂರು ಸುತ್ತುಗಳಲ್ಲ. ಟೈಲರಮ್ಮನಿಂದ ಅಂಗಡಿಯಣ್ಣ, ಅಲ್ಲಿಂದ ಮೇಷ್ಟ್ರು, ಅಲ್ಲಿಂದ ಮತ್ತೆ ಟೈಲರಮ್ಮ ಎಂಬ ಒಂದೇ ಸುತ್ತನ್ನು ಮೂವರ ಮನೆಯಿಂದಲೂ ಒಂದೊಂದು ಸಲ ಎಣಿಸಲಾಗಿದೆ. ಬಳಕೆಯಲ್ಲಿ ಇದರ ಪರಿಣಾಮ ಹೀಗೆ. ಸೋಮವಾರ ಟೈಲರಮ್ಮ ‘ಮೂಲೆಮನೆಯಿಂದ ಹತ್ತು ರವಿಕೆ ಹೊಲಿಗೆಗೆ ಬಂದಿವೆ’ ಎನ್ನುತ್ತಾರೆ. ಅಂಗಡಿಯಣ್ಣ ಮೇಷ್ಟ್ರಿಗೆ ‘ಮೂಲೆಮನೆಯಲ್ಲಿ ಏನೋ ಶುಭಕಾರ್ಯ ಇದ್ದ ಹಾಗಿದೆ’ ಎನ್ನುತ್ತಾನೆ. ಮೇಷ್ಟ್ರು ಬುಧವಾರ ಮಹಡಿ ಮೆಟ್ಟಿಲ ಬಳಿ ನಿಂತು ‘ಕೇಳಿದಿರೇನಮ್ಮಾ, ಮೂಲೆಮನೆ ಹುಡುಗಿಗೆ ಗಂಡು ಗೊತ್ತಾಯಿತಂತೆ’ ಎನ್ನುತ್ತಾರೆ. ಟೈಲರಮ್ಮನಿಗೆ ಇದು ಬೇರೆ ಕಡೆಯಿಂದ ಬಂದ ಖಚಿತ ಸುದ್ದಿಯಾಗಿ ಕೇಳುತ್ತದೆ, ತಮ್ಮ ಹತ್ತು ರವಿಕೆಗೆ ಸಾಕ್ಷಿಯೇ ಸಿಕ್ಕಿತೆನ್ನಿಸುತ್ತದೆ. ಟೀವಿ ಚಾನೆಲ್ಲೊಂದು ಇನ್ನೊಂದನ್ನು ಉಲ್ಲೇಖಿಸಿ, ಆ ಇನ್ನೊಂದು ಮೊದಲಿನದನ್ನೇ ಉಲ್ಲೇಖಿಸುವಾಗ ಸುತ್ತು ಎರಡೇ ಹೆಜ್ಜೆಯದು. ಅದನ್ನು ಹಿಡಿಯಲು ಒಂದು ಸಲ ಗುಣಿಸಿ ಕರ್ಣ ನೋಡಿದರೆ ಸಾಕು.

ತಯಾರಕರ ವಿವರ

1736ರಲ್ಲಿ ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಲೆಕ್ಕ ಬಿಡಿಸಿದ ಆಯ್ಲರನಿಂದ ಗ್ರಾಫ್‌ಗಳ ಕತೆ ಶುರುವೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಿಜವೇ, ಆದರೆ ಸೇತುವೆ ಎರಡೂ ಕಡೆಗೆ ದಾಟಿಸುವ ವಸ್ತು. ಆಯ್ಲರನಿಗೆ ಬಾಣ ಬೇಕಾಗಲಿಲ್ಲ, ಮಾತೃಕೆಯಂತೂ ಇರಲೇ ಇಲ್ಲ. ನಮ್ಮ ಮಾದರಿಯ ವಂಶವೃಕ್ಷ ಬೇರೆ. ಅದರ ಮೂಲಪುರುಷ ಜೇಕಬ್ ಮೊರೆನೊ ಎಂಬ ಮನೋವೈದ್ಯ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನಲ್ಲಿ ಹೆಣ್ಣುಮಕ್ಕಳ ತರಬೇತಿ ಶಾಲೆಯೊಂದಿತ್ತು. ಅಲ್ಲಿಯ ಹುಡುಗಿಯರನ್ನು ಆತ ‘ಯಾರ ಜೊತೆ ಇರಲು ಇಷ್ಟ?’ ಎಂದು ಕೇಳಿ, ಉತ್ತರಗಳನ್ನು ಬಿಂದು ಮತ್ತು ಬಾಣಗಳಲ್ಲಿ ಬರೆದ. 1934ರಲ್ಲಿ ಪುಸ್ತಕವಾಗಿ ತಂದ. ಒಬ್ಬಳು ಬಯಸಿದವಳು ಅವಳನ್ನು ಬಯಸದೆ ಇರಬಹುದು. ಆ ಸಂಕಟವನ್ನು ಗೆರೆ ತೋರಿಸಲಾರದು, ಬಾಣಕ್ಕಷ್ಟೇ ಸಾಧ್ಯ.

ಬಾಣಗಳು ಹೆಚ್ಚಾದಂತೆ ಚಿತ್ರ ಗೋಜಲಾಯಿತು. ಯಾವ ಬಿಂದುವನ್ನು ಎಲ್ಲಿಡಬೇಕೆಂಬುದು ಬಿಡಿಸುವವನ ಮರ್ಜಿಯಾಯಿತು. 1946ರಲ್ಲಿ ಫಾರ್ಸೈತ್ ಮತ್ತು ಕಾಟ್ಸ್ ಎಂಬಿಬ್ಬರು ಚಿತ್ರ ಬಿಟ್ಟು ಮಾತೃಕೆಯಲ್ಲಿ ಬರೆಯೋಣ ಎಂದರು. 1949ರಲ್ಲಿ ಲೂಸ್ ಮತ್ತು ಪೆರಿ ಅದನ್ನು ಅದರಿಂದಲೇ ಗುಣಿಸಿ ಗುಂಪಿನೊಳಗಿನ ಗುಂಪು ಹುಡುಕಿದರು. 1953ರಲ್ಲಿ ಲಿಯೋ ಕಾಟ್ಸ್ ಒಂದು, ಎರಡು, ಮೂರು ಹೆಜ್ಜೆಯ ಎಲ್ಲ ಮಾತೃಕೆಗಳನ್ನೂ ಕೂಡಿ, ದೂರದ ಹೆಜ್ಜೆಗೆ ಕಡಿಮೆ ತೂಕ ಕೊಟ್ಟು, ಒಬ್ಬರ ಸ್ಥಾನಮಾನ ಅಳೆಯುವ ಸೂತ್ರ ಬರೆದ. ಗೂಗಲ್ ಹುಟ್ಟಿದ 1998ರಲ್ಲಿ ಬ್ರಿನ್ ಮತ್ತು ಪೇಜ್ ವಿವರಿಸಿದ ಪೇಜ್‌ರ್‍ಯಾಂಕ್ ಇದೇ ಮನೆತನದ್ದು. ಅಲ್ಲಿ ಬಿಂದುವೆಂದರೆ ವೆಬ್ ಪುಟ, ಬಾಣವೆಂದರೆ ಲಿಂಕ್. ಗಣಿತಜ್ಞರು ಕೊಟ್ಟದ್ದು ಗುಣಿಸುವ ನಿಯಮ. ಅದನ್ನು ಮನುಷ್ಯರ ಮೇಲೆ ಹೂಡಿದವರು ಯಾರು ಯಾರ ಪಕ್ಕ ಕೂರಲು ಬಯಸುತ್ತಾರೆ ಎಂದು ತಲೆ ಕೆಡಿಸಿಕೊಂಡವರು. ಶ್ರೇಯಸ್ಸು ಹಂಚುವಾಗ ಈ ಎರಡನೆಯವರ ಹೆಸರು ಏಕೋ ಕೆಳಗೇ ಉಳಿಯುತ್ತದೆ.

ತೊಂದರೆ ಮತ್ತು ಪರಿಹಾರ

ಗುಂಡಿ ಎಷ್ಟು ಸಲ ಒತ್ತಿದರೂ ಮಾತೃಕೆ ಪೂರ್ತಿ ಸೊನ್ನೆಯಾಗುತ್ತಿಲ್ಲ ಎಂಬುದು ಸಾಮಾನ್ಯ ದೂರು. ಸುತ್ತು ಇರುವವರೆಗೆ ಆಗುವುದಿಲ್ಲ. ಮೂರು ಹೆಜ್ಜೆಗೊಮ್ಮೆ ಮಾತು ಹೊರಟಲ್ಲಿಗೇ ಬರುತ್ತದೆ, ಸಾವಿರನೆಯ ಹೆಜ್ಜೆಯಲ್ಲೂ ಯಾರೋ ಯಾರಿಗೋ ಹೇಳುತ್ತಲೇ ಇರುತ್ತಾರೆ.

ಪರಿಹಾರ: ಒಂದು ಬಾಣ ಕಿತ್ತುಹಾಕಿ. ಪುಕ್ಕಟೆ ಪೇಪರ್ ವಿಷಯದಲ್ಲಿ ಅಂಗಡಿಯಣ್ಣನಿಗೂ ಮೇಷ್ಟ್ರಿಗೂ ಮಾತಿಗೆ ಮಾತು ಬೆಳೆದು ಆ ಬಾಣ ಮುರಿಯಿತೆನ್ನಿ. ಮೂರನೆಯ ಸಾಲಿನ ಒಂದು 1 ಹೋಗಿ 0 ಬಂತು, ಅಷ್ಟೇ. ಈಗ ಐವರನ್ನು ಹಾಲಿನಕ್ಕ, ಮೇಷ್ಟ್ರು, ಟೈಲರಮ್ಮ, ಅಂಗಡಿಯಣ್ಣ, ಅಜ್ಜಿ ಎಂಬ ಕ್ರಮದಲ್ಲಿ ನಿಲ್ಲಿಸಿ ಮಾತೃಕೆ ಬರೆಯಿರಿ. ಉಳಿದ ಏಳೂ ಒಂದುಗಳು ಕರ್ಣದ ಮೇಲ್ಭಾಗಕ್ಕೆ ಸರಿದಿರುತ್ತವೆ. ಸುದ್ದಿ ಇನ್ನು ಸಾಲಿನಲ್ಲಿ ಕೆಳಕ್ಕಷ್ಟೇ ಇಳಿಯಬಲ್ಲದು. ಇಂಥ ಯಂತ್ರದ ಅತಿ ಉದ್ದದ ದಾರಿ ಮೂರು ಹೆಜ್ಜೆಯದು. ನಾಲ್ಕು ಹೆಜ್ಜೆಯ ಮಾತೃಕೆ ಪೂರ್ತಿ ಸೊನ್ನೆ. ಯಾವ ಸುದ್ದಿಯೂ ನಾಲ್ಕನೆಯ ಬಾಯಿ ದಾಟದ ಬೀದಿ. ಇದಕ್ಕೆ ತೆತ್ತ ಬೆಲೆ ಏನೆಂದರೆ, ಮೇಷ್ಟ್ರ ಕಂಬಸಾಲು ಖಾಲಿಯಾಗಿದೆ. ಅವರು ಹೇಳುತ್ತಲೇ ಇದ್ದಾರೆ, ಕೇಳಲು ಏನೂ ಇಲ್ಲ. ನಿವೃತ್ತರಿಗೆ ಈ ಜೋಡಣೆಯನ್ನು ನಾವು ಸೂಚಿಸುವುದಿಲ್ಲ.

ಎಕ್ಸೆಲ್‌ನಲ್ಲಿ ಒಂದು ಮನೆಯ ಲೆಕ್ಕ ಇನ್ನೊಂದನ್ನು ನಂಬಿ, ಆ ಇನ್ನೊಂದು ಮೊದಲಿನದನ್ನು ನಂಬಿದಾಗ ಎಚ್ಚರಿಕೆಯ ಪೆಟ್ಟಿಗೆ ಏಳುತ್ತದಲ್ಲ, ಅದೂ ಇದೇ ದೂರು. ಸುತ್ತಿಲ್ಲದ ಗ್ರಾಫ್ ಇದ್ದರೆ ಮಾತ್ರ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂದು ಸಾಲು ನಿಲ್ಲಿಸಬಹುದು.

ಇನ್ನೂರು ಮನೆಯ ಊರಿಗೆ ಈ ಯಂತ್ರ ಹೂಡಿದರೆ ಹಾಳೆ ಸಾಲುವುದಿಲ್ಲ. 40,000 ಚೌಕ ಬೇಕು, ಅವುಗಳಲ್ಲಿ ಬಹುಪಾಲು ಸೊನ್ನೆ. ಆಗ ಮಾತೃಕೆ ಬಿಟ್ಟು, ಪ್ರತಿಯೊಬ್ಬರ ಮುಂದೆ ಅವರು ಯಾರಿಗೆ ಹೇಳುತ್ತಾರೋ ಆ ಹೆಸರುಗಳನ್ನಷ್ಟೇ ಪಟ್ಟಿ ಮಾಡಿಕೊಳ್ಳಿ. ಕಂಪ್ಯೂಟರುಗಳೂ ಹಾಗೇ ಮಾಡುತ್ತವೆ.

ಕ್ಷೇತ್ರಪರೀಕ್ಷೆ

ಈ ಯಂತ್ರವನ್ನು ನಮ್ಮಲ್ಲೇ ಪರೀಕ್ಷಿಸಿ ನೋಡಲಾಗಿದೆ. 2006ರಲ್ಲಿ ಕರ್ನಾಟಕದ 75 ಹಳ್ಳಿಗಳಲ್ಲಿ ಸಮೀಕ್ಷೆ ನಡೆಯಿತು. ಯಾರ ಮನೆಗೆ ಹೋಗುತ್ತೀರಿ, ನಿಮ್ಮ ಮನೆಗೆ ಯಾರು ಬರುತ್ತಾರೆ, ಅಕ್ಕಿ ಸೀಮೆಎಣ್ಣೆ ಯಾರ ಹತ್ತಿರ ಕಡ ತರುತ್ತೀರಿ, ಯಾರಿಗೆ ಕೊಡುತ್ತೀರಿ, ದೇವಸ್ಥಾನಕ್ಕೋ ಮಸೀದಿಗೋ ಚರ್ಚಿಗೋ ಯಾರ ಜೊತೆ ಹೋಗುತ್ತೀರಿ, ಹೀಗೆ ಹನ್ನೆರಡು ಬಗೆಯ ಸಂಬಂಧಗಳನ್ನು ಕೇಳಿದರು. ಮುಂದೆ ಭಾರತ ಸ್ವಮುಕ್ತಿ ಸಂಸ್ಥೆ ಎಂಬ ಕಿರುಸಾಲದ ಸಂಸ್ಥೆ ಅವುಗಳಲ್ಲಿ 43 ಹಳ್ಳಿಗಳಿಗೆ ಹೋಯಿತು. ಊರಿನ ಕೆಲವು ಮುಂದಾಳುಗಳಿಗೆ ಮೊದಲು ತಿಳಿಸಿ, ಉಳಿದವರಿಗೆ ಹಬ್ಬಲೆಂದು ಬಿಡುವುದು ಅವರ ಪದ್ಧತಿ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತೆರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಇದನ್ನು ಅಧ್ಯಯನ ಮಾಡಿ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲು ತಿಳಿದವರು ಜಾಲದಲ್ಲಿ ಎಲ್ಲಿದ್ದರು ಎಂಬುದರ ಮೇಲೆ ಎಷ್ಟು ಜನ ಸಾಲ ತೆಗೆದುಕೊಂಡರು ಎಂಬುದು ಏರಿಳಿಯುತ್ತಿತ್ತು. ಅವರು ಬಳಸಿದ ಅಳತೆಯೂ ನಮ್ಮ ಗುಂಡಿಯೇ: ಮಾತೃಕೆಯನ್ನು ಮತ್ತೆ ಮತ್ತೆ ಗುಣಿಸಿ, ಪ್ರತಿ ಹೆಜ್ಜೆಗೂ ಒಂದಿಷ್ಟು ಸೋರಿಕೆ ಕಳೆದು, ಎಲ್ಲವನ್ನೂ ಕೂಡುವುದು.

ಒಂದು ಸಣ್ಣ ತಕರಾರು ನಮ್ಮದಿದೆ. ಕಡ ತಂದದ್ದು ಯಾರಿಂದ, ಕೊಟ್ಟದ್ದು ಯಾರಿಗೆ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿದವರು ಲೆಕ್ಕಕ್ಕೆ ಕೂರುವಾಗ ಬಾಣದ ಮೊನೆ ಮುರಿದು, ಯಾರಾದರೊಬ್ಬರು ಹೌದೆಂದರೆ ಎರಡೂ ಮನೆಗಳ ನಡುವೆ ಗೆರೆಯೆಂದು ಎಣಿಸಿದರು. ಮಾತು ನಡೆಯುವ ಅವಕಾಶವಿದೆಯೇ ಎಂಬುದಷ್ಟೇ ಮುಖ್ಯವಾದಾಗ ಇದು ಒಪ್ಪುವಂಥದ್ದೇ. ಆದರೂ ಸದಾ ಕಡ ತರುವ ಮನೆಗೂ ಸದಾ ಕೊಡುವ ಮನೆಗೂ ಇರುವ ಅಂತರ ಆ ಗೆರೆಯಲ್ಲಿ ಕಾಣೆಯಾಗುತ್ತದೆ.

ಅದೇ ನಾಲ್ವರ ಇನ್ನೊಂದು ಪ್ರಯೋಗ ಇದಕ್ಕಿಂತ ರುಚಿಯಾದದ್ದು, 2019ರಲ್ಲಿ ಪ್ರಕಟವಾದದ್ದು. ಪ್ರತಿ ಊರಿನ ಮಾತೃಕೆ ಬರೆಯುವುದೆಂದರೆ ಮನೆ ಮನೆ ಸುತ್ತುವ ದುಬಾರಿ ಕೆಲಸ. ಅದರ ಬದಲು ಜನರನ್ನೇ ಕೇಳಿದರೆ? ಊರಿಗೆಲ್ಲ ಒಂದು ವಿಷಯ ಮುಟ್ಟಿಸಬೇಕಾದರೆ ಯಾರಿಗೆ ಹೇಳಬೇಕು ಎಂಬ ಒಂದೇ ಪ್ರಶ್ನೆ. ಕರ್ನಾಟಕದ 213 ಹಳ್ಳಿಗಳಲ್ಲಿ, ಕರೆ ಮಾಡಿದವರಿಗೆ ಮೊಬೈಲ್ ಗೆಲ್ಲುವ ಅವಕಾಶವಿದೆ ಎಂಬ ಸುದ್ದಿಯನ್ನು ಕೆಲವೇ ಜನರಿಗೆ ತಿಳಿಸಿ ಬಿಟ್ಟರು. ಕೆಲವು ಊರುಗಳಲ್ಲಿ ಕಣ್ಣುಮುಚ್ಚಿ ಆರಿಸಿದವರಿಗೆ, ಕೆಲವು ಊರುಗಳಲ್ಲಿ ಗಣ್ಯರಿಗೆ, ಕೆಲವು ಊರುಗಳಲ್ಲಿ ‘ಇವರಿಗೆ ಹೇಳಿ’ ಎಂದು ಜನರೇ ತೋರಿಸಿದವರಿಗೆ. ಹೆಚ್ಚು ಕರೆಗಳು ಬಂದದ್ದು ಈ ಮೂರನೆಯ ಬಗೆಯ ಊರುಗಳಿಂದ. ಗಣ್ಯರನ್ನು ನೆಚ್ಚಿಕೊಂಡದ್ದರಿಂದ ಅಂಥ ಲಾಭವೇನೂ ಆಗಲಿಲ್ಲ.

ಮಾತೃಕೆ ನೋಡದ ಜನರಿಗೆ ಇದು ಗೊತ್ತಾದದ್ದು ಹೇಗೆ? ನಮ್ಮ ಮಾದರಿಯಲ್ಲಿ ಅಜ್ಜಿಯ ಕಂಬಸಾಲನ್ನು ಮೂರೂ ಮಾತೃಕೆಗಳಿಂದ ಕೂಡಿ. ಹಾಲಿನಕ್ಕನಿಂದ ಹೊರಟ ಸುದ್ದಿ ಅಜ್ಜಿಗೆ 4 ಸಲ, ಟೈಲರಮ್ಮ, ಅಂಗಡಿಯಣ್ಣ, ಮೇಷ್ಟ್ರು ಒಬ್ಬೊಬ್ಬರಿಂದ ಹೊರಟದ್ದು 3 ಸಲ. ಅಜ್ಜಿ ಯಾವ ಗ್ರಾಫನ್ನೂ ಬರೆದಿಲ್ಲ. ‘ಇದು ಎಲ್ಲಿಂದ ಬಂತು?’ ಎಂದು ಪ್ರತಿ ಸುದ್ದಿಗೂ ಕೇಳಿ ನೆನಪಿಟ್ಟುಕೊಂಡಿದ್ದಾರೆ. ಅಷ್ಟರಿಂದಲೇ, ತಮ್ಮೊಡನೆ ಎಂದೂ ಮಾತಾಡದ ಹೆಂಗಸೊಬ್ಬಳು ಬೀದಿಯ ಸುದ್ದಿಮೂಲ ಎಂದು ಅವರಿಗೆ ತಿಳಿದಿದೆ. ಸಂಶೋಧಕರ ವಿವರಣೆಯ ಸಾರವೂ ಇದೇ.

ಸೋರಿಕೆಯ ತಿರುಪು ತಿರುಗಿಸಿದರೆ ಮಾತ್ರ ಅಜ್ಜಿಯ ಲೆಕ್ಕ ತಪ್ಪುತ್ತದೆ. ಪ್ರತಿ ಹೆಜ್ಜೆಗೂ ಅರ್ಧ ಸುದ್ದಿ ಸೋರಿಹೋಗುವ ಬೀದಿಯಲ್ಲಿ ಹಾಲಿನಕ್ಕನಿಂದ ಅಜ್ಜಿಗೆ ಮುಟ್ಟುವುದು 0.75, ಉಳಿದ ಮೂವರಿಂದ ತಲಾ 0.875. ಜಗಲಿಯಿಂದ ನೋಡಿದರೆ ಹಾಲಿನಕ್ಕ ಹಿಂದೆ ಬಿದ್ದರು. ಬೀದಿಯನ್ನೆಲ್ಲ ಸೇರಿಸಿ ನೋಡಿದರೆ ಆಗಲೂ ಅವರೇ ಮುಂದು: ಅವರದು 2.5, ಉಳಿದವರದು 1.75. ಮರೆವಿನ ಊರಿನಲ್ಲಿ ಹತ್ತಿರದವರೇ ದೊಡ್ಡವರಾಗಿ ಕಾಣುತ್ತಾರೆ.

ಹೊಸ ಬಳಕೆದಾರರನ್ನು ಸೇರಿಸುವುದು

ಇಷ್ಟು ಓದಿದ ಮೇಲೆ ನಿಮ್ಮ ಸುದ್ದಿಯನ್ನು ಹಾಲಿನಕ್ಕನ ಮೂಲಕ ಬೀದಿಗೆ ಬಿಡಬೇಕೆನ್ನಿಸುತ್ತದೆ. ಅವರ ಕಂಬಸಾಲು ಪೂರ್ತಿ ಸೊನ್ನೆ. ಈಗಿರುವ ಯಾರಿಗೆ ಹೇಳಿದರೂ ಅದು ಅವರನ್ನು ಮುಟ್ಟುವುದಿಲ್ಲ. ಆದ್ದರಿಂದ ನೀವೇ ಆರನೆಯ ಬಿಂದುವಾಗಬೇಕು. ಹಾಳೆಯಲ್ಲಿ ಒಂದು ಅಡ್ಡಸಾಲು, ಒಂದು ಕಂಬಸಾಲು ಹೆಚ್ಚಿಸಿ. ಈಗ 36 ಮನೆ. ಬೆಳಿಗ್ಗೆ ಬೇಗ ಎದ್ದು, ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು, ಹಾಲಿನಕ್ಕನೊಡನೆ ಮಾತಾಡಿ. ನಿಮ್ಮ ಸಾಲು: 1 0 0 0 0 0.

ಒಂದೇ ಬಾಣ. ಆದರೆ ಮೂರು ಹೆಜ್ಜೆಯವರೆಗೆ ಕೂಡಿದರೆ ನಿಮ್ಮ ಲೆಕ್ಕ 1, 2, 4, ಒಟ್ಟು 7. ವರ್ಷಗಳಿಂದ ಎರಡೆರಡು ಬಾಣ ಇಟ್ಟುಕೊಂಡ ಮೇಷ್ಟ್ರದು 6. ಇದನ್ನು ಮೇಷ್ಟ್ರಿಗೆ ತೋರಿಸಬೇಡಿ. ತೋರಿಸಲೇಬೇಕಾಗಿ ಬಂದರೆ ಅರ್ಧ ಸೋರಿಕೆಯ ಲೆಕ್ಕ ತೋರಿಸಿ. ಅದರಲ್ಲಿ ನಿಮಗೆ 1.5, ಅವರಿಗೆ 1.75.

ನಿಮ್ಮ ಕಂಬಸಾಲಿನಲ್ಲಿ ಸದ್ಯ ಆರೂ ಸೊನ್ನೆ. ಅದನ್ನು ತುಂಬಿಸಲು ಯಂತ್ರದಲ್ಲಿ ಗುಂಡಿ ಕೊಟ್ಟಿಲ್ಲ. ಟೈಲರಮ್ಮನ ಹತ್ತಿರ ಏನಾದರೂ ಹೊಲಿಗೆಗೆ ಹಾಕಿ ನೋಡಿ.